ವಾಹನದ ಇಂಧನ ಸೂಚಕದ ದೋಷವನ್ನು ಪತ್ತೆಹಚ್ಚುವ ವಿಧಾನ: ಪೆಟ್ರೋಲ್ ಬಂಕ್ ಅಳತೆಯ ಬಗ್ಗೆ ದೂರು ಸಲ್ಲಿಸುವ ನಾಗರಿಕರಿಗೆ ಮಾಹಿತಿ

ಪೆಟ್ರೋಲ್ ಬಂಕಿನಲ್ಲಿ ಇಂಧನವನ್ನು ಕಡಿಮೆ ಅಳತೆಯಲ್ಲಿ ನೀಡಲಾಗಿದೆ ಎಂದು ದೂರು ಸಲ್ಲಿಸುವವರಲ್ಲಿ ಹಲವರು ವಾಹನದ ಡ್ಯಾಶ್‌ಬೋರ್ಡಿನಲ್ಲಿರುವ ಮುಳ್ಳು ನಿರೀಕ್ಷಿಸಿದಷ್ಟು ಏರಲಿಲ್ಲ ಎಂಬುದನ್ನೇ ದೂರಿಗೆ ಆಧಾರವಾಗಿ ನೀಡುತ್ತಾರೆ. ಇಂತಹ ಸಂದರ್ಭಗಳಲ್ಲಿ ಬಂಕಿನ ಅಳತೆಯಲ್ಲಿಯೇ ಕೊರತೆ ಇರಬಹುದು ಅಥವಾ ವಾಹನದ ಟ್ಯಾಂಕಿನೊಳಗಿರುವ ಇಂಧನ ಮಟ್ಟದ ಸೆನ್ಸರ್ ಕೆಟ್ಟಿರಬಹುದು. ಮೊದಲನೆಯದಾದಲ್ಲಿ ನಾಗರಿಕರು ಹಣ ಕಳೆದುಕೊಳ್ಳುತ್ತಿರುತ್ತಾರೆ ಮತ್ತು ಕೂಡಲೇ ದೂರು ನೀಡುವುದು ಅವಶ್ಯಕ. ಎರಡನೆಯದಾದಲ್ಲಿ ತಪ್ಪು ಮಾಡದ ಬಂಕ್ ಸಿಬ್ಬಂದಿಯ ಮೇಲೆ ಆರೋಪ ಬರುವುದಲ್ಲದೆ, ವಾಹನವು ಮಾರ್ಗಮಧ್ಯದಲ್ಲಿ ನಿಂತುಹೋಗುವ ಅಪಾಯವೂ ಇರುತ್ತದೆ. ಈ ಎರಡನ್ನು ಪ್ರತ್ಯೇಕಿಸಿ ತಿಳಿಯಲು ಅನುಸರಿಸಬಹುದಾದ ಕ್ರಮಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

1. ಇಂಧನ ಸೂಚಕವು ಅಳತೆಯ ಸಾಧನವಲ್ಲ

ವ್ಯಾಪಾರ ವ್ಯವಹಾರಗಳಲ್ಲಿ ಬಳಸುವ ತೂಕ ಮತ್ತು ಅಳತೆಯ ಸಾಧನಗಳನ್ನು ಕಾನೂನು ಮಾಪನಶಾಸ್ತ್ರ ಕಾಯ್ದೆ, 2009ರ ಕಲಂ 24ರ ಮೇರೆಗೆ ಪರಿಶೀಲಿಸಿ ಮುದ್ರೆ ಹಾಕಲಾಗುತ್ತದೆ. ಸದರಿ ಕಾಯ್ದೆಯು ದಿನಾಂಕ 1-4-2011ರಿಂದ ಜಾರಿಯಲ್ಲಿದೆ. ಪೆಟ್ರೋಲ್ ಬಂಕಿನ ವಿತರಣಾ ಯಂತ್ರ ಮತ್ತು ಆಟೋರಿಕ್ಷಾದ ಬಾಡಿಗೆ ಮೀಟರ್ ಈ ವರ್ಗಕ್ಕೆ ಸೇರುತ್ತವೆ. ಇವುಗಳನ್ನು 12 ತಿಂಗಳಿಗೊಮ್ಮೆ ಮರುಪರಿಶೀಲನೆಗೆ ಒಳಪಡಿಸತಕ್ಕದ್ದು.

ವಾಹನದ ಇಂಧನ ಸೂಚಕವು ಈ ವರ್ಗಕ್ಕೆ ಸೇರುವುದಿಲ್ಲ. ಅದನ್ನು ಆಧರಿಸಿ ಯಾರೂ ಇಂಧನವನ್ನು ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಟ್ಯಾಂಕಿನಲ್ಲಿ ಇಂಧನವು ಸುಮಾರು ಎಷ್ಟು ಉಳಿದಿದೆ ಎಂಬುದನ್ನು ಚಾಲಕರಿಗೆ ತಿಳಿಸುವುದಷ್ಟೇ ಅದರ ಉದ್ದೇಶ. ಆದ್ದರಿಂದ ಮುಳ್ಳಿನ ಸ್ಥಾನವು ಸಂಶಯಕ್ಕೆ ಕಾರಣವಾಗಬಹುದೇ ಹೊರತು, ಕಡಿಮೆ ಅಳತೆಗೆ ಪುರಾವೆಯಾಗಲಾರದು.

2. ಸೆನ್ಸರ್ ಕೆಲಸ ಮಾಡುವ ರೀತಿ

ಬಹುತೇಕ ಕಾರು, ಜೀಪು ಮತ್ತು ದ್ವಿಚಕ್ರ ವಾಹನಗಳ ಟ್ಯಾಂಕಿನೊಳಗೆ ಇಂಧನದ ಮೇಲೆ ತೇಲುವ ಒಂದು ಬೆಂಡು ಇರುತ್ತದೆ. ಇದನ್ನು ಗ್ಯಾರೇಜುಗಳಲ್ಲಿ ಫ್ಲೋಟ್ ಎಂದು ಕರೆಯುತ್ತಾರೆ. ಫ್ಲೋಟನ್ನು ಒಂದು ಸಣ್ಣ ಲೋಹದ ಕಡ್ಡಿಗೆ ಜೋಡಿಸಲಾಗಿರುತ್ತದೆ. ಇಂಧನ ಏರಿದಂತೆ ಫ್ಲೋಟ್ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಲೋಹದ ಸಂಪರ್ಕ ಬಿಂದುವು ವಿದ್ಯುತ್ ರೋಧಕ ಪಟ್ಟಿಯೊಂದರ ಮೇಲೆ ಜಾರುತ್ತಾ ಹೋಗುತ್ತದೆ. ಅದು ನಿಂತ ಜಾಗಕ್ಕೆ ಅನುಗುಣವಾಗಿ ರೋಧವು ಬದಲಾಗುತ್ತದೆ ಮತ್ತು ಆ ರೋಧದ ಪ್ರಮಾಣದಂತೆ ಡ್ಯಾಶ್‌ಬೋರ್ಡಿನ ಮುಳ್ಳು ಅಥವಾ ಡಿಜಿಟಲ್ ಪಟ್ಟಿಗಳು ಚಲಿಸುತ್ತವೆ.

ರೋಧದ ಪ್ರಮಾಣವು ಎಲ್ಲ ವಾಹನಗಳಲ್ಲಿ ಒಂದೇ ಆಗಿರುವುದಿಲ್ಲ. ಪ್ರಚಲಿತವಿರುವ ಒಂದು ಪದ್ಧತಿಯಲ್ಲಿ ಟ್ಯಾಂಕು ಖಾಲಿಯಿದ್ದಾಗ 240 ಓಮ್, ತುಂಬಿದ್ದಾಗ 33 ಓಮ್ ಇರುತ್ತದೆ. ಇನ್ನೊಂದು ಪದ್ಧತಿಯಲ್ಲಿ ಇದಕ್ಕೆ ವಿರುದ್ಧವಾಗಿ ಖಾಲಿಗೆ 10 ಓಮ್, ಭರ್ತಿಗೆ 180 ಓಮ್ ಇರುತ್ತದೆ. ಈ ಕಾರಣದಿಂದಲೇ ವೈರ್ ತುಂಡಾದಾಗ ಮೊದಲ ಪದ್ಧತಿಯ ವಾಹನದಲ್ಲಿ ಮುಳ್ಳು ಖಾಲಿ ಎಂದು ತೋರಿಸಿದರೆ, ಎರಡನೆಯ ಪದ್ಧತಿಯ ವಾಹನದಲ್ಲಿ ಅದೇ ದೋಷಕ್ಕೆ ಟ್ಯಾಂಕು ತುಂಬಿದೆ ಎಂದು ತೋರಿಸಬಹುದು. ಒಂದು ವಾಹನದ ಅನುಭವವನ್ನು ಮತ್ತೊಂದು ಕಂಪನಿಯ ವಾಹನಕ್ಕೆ ಅನ್ವಯಿಸುವುದು ಸರಿಯಲ್ಲ. ಆಯಾ ವಾಹನದ ಸರ್ವಿಸ್ ಕೈಪಿಡಿಯಲ್ಲಿ ನಮೂದಿಸಿರುವ ಪ್ರಮಾಣವನ್ನೇ ಆಧಾರವಾಗಿ ಪರಿಗಣಿಸತಕ್ಕದ್ದು.

3. ದೋಷವೆಂದು ಪರಿಗಣಿಸಬಾರದ ವ್ಯತ್ಯಾಸಗಳು

ಈ ಕೆಳಕಂಡ ಸಂದರ್ಭಗಳಲ್ಲಿ ಸೆನ್ಸರ್ ಸುಸ್ಥಿತಿಯಲ್ಲಿದ್ದರೂ ಮುಳ್ಳಿನ ಸ್ಥಾನದಲ್ಲಿ ವ್ಯತ್ಯಾಸ ಕಂಡುಬರುವುದು ಸಹಜ.

(ಅ) ಇಳಿಜಾರು: ವಾಹನವು ಇಳಿಜಾರಿನಲ್ಲಿ ನಿಂತಾಗ ಇಂಧನವು ಟ್ಯಾಂಕಿನ ಒಂದು ಬದಿಗೆ ಸರಿಯುತ್ತದೆ. ಮಡಿಕೇರಿಯಂತಹ ಗುಡ್ಡಗಾಡು ಪಟ್ಟಣಗಳಲ್ಲಿ ಮತ್ತು ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಸಂಚರಿಸುವವರಿಗೆ ಇದು ಹೆಚ್ಚು ಕಂಡುಬರುತ್ತದೆ. ದ್ವಿಚಕ್ರ ವಾಹನವನ್ನು ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಮುಳ್ಳನ್ನು ನೋಡುವುದೂ ಇದೇ ರೀತಿಯ ತಪ್ಪು ಎಣಿಕೆಗೆ ದಾರಿಯಾಗುತ್ತದೆ.

(ಆ) ನಿಧಾನ ಚಲನೆ: ರಸ್ತೆಯ ಕುಲುಕಾಟಕ್ಕೆ ಮುಳ್ಳು ಓಲಾಡದಿರಲೆಂದು ಸೂಚಕವನ್ನು ನಿಧಾನವಾಗಿ ಚಲಿಸುವಂತೆ ರೂಪಿಸಲಾಗಿರುತ್ತದೆ. ಇಂಧನ ತುಂಬಿಸಿದ ಕೂಡಲೇ ಅದು ಪೂರ್ತಿ ಏರದೆ, ಕೆಲವು ನಿಮಿಷಗಳ ನಂತರ ಏರಬಹುದು. ಇಂಧನ ತುಂಬಿಸುವಾಗ ಎಂಜಿನ್ ಮತ್ತು ಇಗ್ನಿಷನ್ ಎರಡನ್ನೂ ಬಂದ್ ಮಾಡಿರಬೇಕು.

(ಇ) ಟ್ಯಾಂಕಿನ ಆಕಾರ: ಟ್ಯಾಂಕುಗಳು ಚೌಕಾಕಾರದಲ್ಲಿ ಇರುವುದಿಲ್ಲ. ಮುಳ್ಳು ಅರ್ಧದಲ್ಲಿ ನಿಂತಾಗ ನಿಖರವಾಗಿ ಅರ್ಧ ಟ್ಯಾಂಕು ಇಂಧನ ಇರಲೇಬೇಕೆಂದಿಲ್ಲ.

(ಈ) ಟ್ಯಾಂಕಿನ ಸಾಮರ್ಥ್ಯ: ಕೈಪಿಡಿಯಲ್ಲಿ 37 ಲೀಟರ್ ಎಂದು ನಮೂದಿಸಿರುವ ಟ್ಯಾಂಕಿಗೆ 39 ಲೀಟರ್ ಹಾಕಿರುವುದಾಗಿ ಬಿಲ್ ಬಂದಾಗ ವಂಚನೆ ನಡೆದಿದೆ ಎಂದು ಭಾವಿಸುವುದು ಸಾಮಾನ್ಯ. ನಮೂದಿತ ಸಾಮರ್ಥ್ಯವು ತಯಾರಕರು ಬಳಕೆಗಾಗಿ ಸೂಚಿಸಿದ ಪ್ರಮಾಣವಾಗಿದ್ದು, ಇಂಧನದ ಆವಿಗಾಗಿ ಬಿಟ್ಟಿರುವ ಜಾಗ ಮತ್ತು ತುಂಬುವ ಕೊಳವೆಯ ಭಾಗವು ಅದರಲ್ಲಿ ಸೇರಿರುವುದಿಲ್ಲ. ಕುತ್ತಿಗೆಯವರೆಗೆ ತುಂಬಿಸಿದಾಗ ಹೆಚ್ಚಿನ ಇಂಧನ ಹಿಡಿಸುತ್ತದೆ. ಆದ್ದರಿಂದ ಇಂತಹ ಬಿಲ್ ಮಾತ್ರದಿಂದಲೇ ವಂಚನೆ ರುಜುವಾತಾಗುವುದಿಲ್ಲ.

4. ದೋಷದ ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

(ಅ) ಮುಳ್ಳು ಯಾವಾಗಲೂ ಖಾಲಿಯಲ್ಲಿ ಅಥವಾ ಯಾವಾಗಲೂ ಭರ್ತಿಯಲ್ಲಿ ನಿಲ್ಲುವುದು: ವೈರ್ ತುಂಡಾಗಿರಬಹುದು, ವೈರ್ ವಾಹನದ ಬಾಡಿಗೆ ತಾಗುತ್ತಿರಬಹುದು ಅಥವಾ ಕನೆಕ್ಟರ್ ಸಡಿಲವಾಗಿರಬಹುದು.

(ಆ) ಮುಳ್ಳು ಒಂದು ನಿರ್ದಿಷ್ಟ ಮಟ್ಟದಲ್ಲಿ ಮಾತ್ರ ಹಠಾತ್ತನೆ ಬೀಳುವುದು ಅಥವಾ ಜಿಗಿಯುವುದು: ರೋಧಕ ಪಟ್ಟಿಯು ಆ ಭಾಗದಲ್ಲಿ ಸವೆದಿರುವುದರ ಸೂಚನೆ. ಸದಾ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿಯೇ ಓಡಿಸಲಾಗುವ ವಾಹನಗಳಲ್ಲಿ ಪಟ್ಟಿಯ ಆ ಭಾಗವೇ ಹೆಚ್ಚು ಸವೆಯುತ್ತದೆ.

(ಇ) ಇಂಧನ ಬಳಕೆಯಾದರೂ ಮುಳ್ಳು ಒಂದೇ ಕಡೆ ನಿಲ್ಲುವುದು: ಫ್ಲೋಟಿನ ಕಡ್ಡಿ ಬಾಗಿರಬಹುದು ಅಥವಾ ಟ್ಯಾಂಕಿನ ಗೋಡೆಗೆ ತಾಗಿ ಸಿಕ್ಕಿಕೊಂಡಿರಬಹುದು.

(ಈ) ಇರುವುದಕ್ಕಿಂತ ಸದಾ ಕಡಿಮೆ ತೋರಿಸುವುದು: ಫ್ಲೋಟ್ ತೂತಾಗಿ ಅಥವಾ ಇಂಧನವನ್ನು ಹೀರಿಕೊಂಡು ಭಾರವಾಗಿ ಮುಳುಗುತ್ತಿರಬಹುದು. ಟ್ಯಾಂಕು ಭರ್ತಿಯಾದ ನಂತರವೂ ಮುಳ್ಳು ಮೇಲಿನ ಗೆರೆಯನ್ನು ಮುಟ್ಟದಿದ್ದಲ್ಲಿ ಈ ಸಂಶಯವು ಬಲವಾಗುತ್ತದೆ.

(ಉ) ಹೆಡ್‌ಲೈಟ್ ಅಥವಾ ಇಂಡಿಕೇಟರ್ ಹಾಕಿದಾಗ ಮುಳ್ಳು ಅಲುಗುವುದು: ಅರ್ಥಿಂಗ್ ಸರಿಯಿಲ್ಲದಿರುವುದರ ಲಕ್ಷಣ. ಕರಾವಳಿಯ ಉಪ್ಪು ಗಾಳಿ ಮತ್ತು ಮಳೆಗಾಲದ ನೀರಿನಿಂದ ಕನೆಕ್ಟರ್ ಹಾಗೂ ಅರ್ಥ್ ಬಿಂದುಗಳಿಗೆ ತುಕ್ಕು ಹಿಡಿಯುವುದು ಇದಕ್ಕೆ ಒಂದು ಕಾರಣ.

(ಊ) ಇಂಧನ ಸೂಚಕದೊಂದಿಗೆ ಡ್ಯಾಶ್‌ಬೋರ್ಡಿನ ಇತರ ಸೂಚಕಗಳೂ ಸ್ತಬ್ಧವಾಗುವುದು: ಫ್ಯೂಸ್ ಸುಟ್ಟಿರುವ ಅಥವಾ ಮೀಟರ್ ಬೋರ್ಡ್ ಕೆಟ್ಟಿರುವ ಸಾಧ್ಯತೆಯಿದೆ; ಟ್ಯಾಂಕಿನೊಳಗಿನ ಸೆನ್ಸರ್ ಕಾರಣವಾಗಿರುವ ಸಂಭವ ಕಡಿಮೆ.

ಇಂಧನದಲ್ಲಿರುವ ಗಂಧಕವೂ ಸೆನ್ಸರ್‌ಗೆ ಹಾನಿಕಾರಕ. ಸಂಪರ್ಕ ಬಿಂದುಗಳಲ್ಲಿ ಬೆಳ್ಳಿಯ ಮಿಶ್ರಲೋಹವನ್ನು ಬಳಸಿರುವ ಸೆನ್ಸರ್‌ಗಳಲ್ಲಿ ಗಂಧಕವು ಬೆಳ್ಳಿಯೊಡನೆ ಸೇರಿ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದ ಕಪ್ಪು ಪದರವನ್ನು ಉಂಟುಮಾಡುತ್ತದೆ. 2004ರ ಮೇ ತಿಂಗಳಿನಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಗಂಧಕದ ಅಂಶ ಅಧಿಕವಾಗಿದ್ದ ಪೆಟ್ರೋಲ್ ಮಾರಾಟವಾದಾಗ ಅಲ್ಲಿನ ಅನೇಕ ವಾಹನಗಳ ಇಂಧನ ಸೂಚಕಗಳು ಕೆಟ್ಟಿದ್ದವು. ಭಾರತದಲ್ಲಿ ದಿನಾಂಕ 1-4-2020ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದಂತೆ ಇಂಧನದಲ್ಲಿ ಗಂಧಕದ ಮಿತಿಯನ್ನು ಹತ್ತು ಲಕ್ಷ ಭಾಗಕ್ಕೆ 50ರಿಂದ 10 ಭಾಗಕ್ಕೆ ಇಳಿಸಲಾಗಿದೆ. ಆದಾಗ್ಯೂ ಅದಕ್ಕೂ ಮೊದಲಿನ ಇಂಧನದಲ್ಲಿ ವರ್ಷಗಟ್ಟಲೆ ಓಡಿರುವ ಹಳೆಯ ವಾಹನಗಳಲ್ಲಿ ಇಂತಹ ಪದರ ಉಳಿದಿರಬಹುದು.

5. ವಾಹನ ಮಾಲೀಕರೇ ಮಾಡಬಹುದಾದ ಪರೀಕ್ಷೆ

ಯಾವುದೇ ಉಪಕರಣದ ಅಗತ್ಯವಿಲ್ಲದೆ, ಟ್ಯಾಂಕಿನ ಮುಚ್ಚಳವನ್ನು ಬಿಟ್ಟು ಬೇರೇನನ್ನೂ ತೆರೆಯದೆ ಮಾಡಬಹುದಾದ ಪರೀಕ್ಷೆಯೆಂದರೆ ಭರ್ತಿಯಿಂದ ಭರ್ತಿಗೆ ಲೆಕ್ಕ ಹಾಕುವ ಪರೀಕ್ಷೆ. ಇದರ ಹಂತಗಳು ಈ ಕೆಳಕಂಡಂತಿವೆ.

ಹಂತ 1: ಸಮತಟ್ಟಾದ ಜಾಗದಲ್ಲಿ ವಾಹನವನ್ನು ನಿಲ್ಲಿಸಿ, ವಿತರಣಾ ಯಂತ್ರದ ನಳಿಕೆಯು ತಾನಾಗಿಯೇ ನಿಲ್ಲುವವರೆಗೆ ಇಂಧನ ತುಂಬಿಸುವುದು. ನಂತರ ಮತ್ತಷ್ಟು ಒತ್ತಿ ತುಂಬಿಸಬಾರದು. ಓಡೋಮೀಟರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.

ಹಂತ 2: ಎಂದಿನಂತೆ ವಾಹನ ಓಡಿಸಿ, ಮುಳ್ಳು ಅರ್ಧದ ಸಮೀಪ ಬಂದಾಗ ಅದರ ಸ್ಥಾನವನ್ನು ಗುರುತು ಮಾಡಿಕೊಂಡು, ಮತ್ತೆ ಅದೇ ರೀತಿಯಲ್ಲಿ ಭರ್ತಿ ಮಾಡಿಸುವುದು. ಬಿಲ್‌ನಲ್ಲಿರುವ ಲೀಟರ್ ಪ್ರಮಾಣ ಮತ್ತು ಓಡೋಮೀಟರ್ ಸಂಖ್ಯೆಯನ್ನು ದಾಖಲಿಸುವುದು.

ಹಂತ 3: ಓಡಿದ ಕಿಲೋಮೀಟರನ್ನು ಎರಡನೆಯ ಬಾರಿ ಹಾಕಿಸಿದ ಲೀಟರ್ ಪ್ರಮಾಣದಿಂದ ಭಾಗಿಸುವುದು.

ಹಂತ 4: ಇದನ್ನು ಕನಿಷ್ಠ ಮೂರು ಬಾರಿ, ಸಾಧ್ಯವಾದಲ್ಲಿ ಬೇರೆ ಬೇರೆ ಬಂಕುಗಳಲ್ಲಿ ಪುನರಾವರ್ತಿಸುವುದು.

ಉದಾಹರಣೆಗೆ, 40 ಲೀಟರ್ ಟ್ಯಾಂಕಿನ ಕಾರೊಂದು ಭರ್ತಿಯಾದ ನಂತರ 320 ಕಿ.ಮೀ. ಓಡಿದಾಗ ಮುಳ್ಳು ಕಾಲು ಭಾಗಕ್ಕೆ ಇಳಿದಿದೆ ಎಂದಿಟ್ಟುಕೊಳ್ಳೋಣ. ಮುಳ್ಳಿನ ಪ್ರಕಾರ ಸುಮಾರು 30 ಲೀಟರ್ ಖರ್ಚಾಗಿರಬೇಕು. ಆದರೆ 20 ಲೀಟರ್ ಹಾಕುವಷ್ಟರಲ್ಲಿ ಟ್ಯಾಂಕು ಭರ್ತಿಯಾಗುತ್ತದೆ. ಮೈಲೇಜು ಲೀಟರಿಗೆ 16 ಕಿ.ಮೀ. ಆಗುತ್ತದೆ. ಮುಂದಿನ ಬಾರಿ ಬೇರೆ ಬಂಕಿನಲ್ಲಿ 304 ಕಿ.ಮೀ.ಗೆ 19 ಲೀಟರ್ ಹಿಡಿದರೆ ಮೈಲೇಜು ಮತ್ತೆ 16 ಕಿ.ಮೀ. ಎರಡೂ ಬಂಕುಗಳ ಲೆಕ್ಕ ತಾಳೆಯಾಗುತ್ತದೆ, ಮುಳ್ಳಿನದು ಮಾತ್ರ ತಾಳೆಯಾಗುವುದಿಲ್ಲ. ಇಲ್ಲಿ ದೋಷವು ವಾಹನದ ಸೂಚಕದಲ್ಲಿದೆ.

ಇದಕ್ಕೆ ವ್ಯತಿರಿಕ್ತವಾಗಿ, ಅದೇ ಕಾರಿನ ಮೈಲೇಜು ಇತರ ಬಂಕುಗಳಲ್ಲಿ 16 ಕಿ.ಮೀ. ಇದ್ದು, ಒಂದು ಬಂಕಿನಲ್ಲಿ ಭರ್ತಿ ಮಾಡಿಸಿದಾಗಲೆಲ್ಲಾ 14 ಕಿ.ಮೀ.ಗೆ ಇಳಿಯುತ್ತಿದ್ದರೆ, ಆ ಬಂಕಿನ ಅಳತೆಯನ್ನು ಪರೀಕ್ಷಿಸುವಂತೆ ಕೋರಲು ಸಕಾರಣವಿರುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಲೆಕ್ಕದಲ್ಲಿ ಪರೀಕ್ಷೆಗೆ ಒಳಗಾಗುವುದು ಎರಡನೆಯ ಬಾರಿ ಭರ್ತಿ ಮಾಡಿದ ಬಂಕೇ ಹೊರತು ಮೊದಲ ಬಂಕ್ ಅಲ್ಲ. ನಗರದ ವಾಹನ ದಟ್ಟಣೆ, ಎ.ಸಿ. ಬಳಕೆ ಮತ್ತು ಘಾಟಿ ಪ್ರಯಾಣದಿಂದಲೂ ಮೈಲೇಜು ಕುಸಿಯುವುದರಿಂದ, ಒಂದೇ ಮಾದರಿಯ ಮಾರ್ಗದ ಲೆಕ್ಕಗಳನ್ನಷ್ಟೇ ಪರಸ್ಪರ ಹೋಲಿಸತಕ್ಕದ್ದು.

ಮುಳ್ಳು ಅರ್ಧ ತೋರಿಸುತ್ತಿರುವಾಗಲೇ ಟ್ಯಾಂಕಿಗೆ 32 ಲೀಟರ್ ಹಿಡಿದರೆ ಪರಿಸ್ಥಿತಿ ಹೆಚ್ಚು ಗಂಭೀರ. ಸೂಚಕವು ಇಲ್ಲದ ಇಂಧನವನ್ನು ಇದೆಯೆಂದು ತೋರಿಸುತ್ತಿದೆ. ಅಂತಹ ವಾಹನವನ್ನು ದುರಸ್ತಿಯಾಗುವವರೆಗೆ ಮುಳ್ಳನ್ನು ನಂಬಿ ಓಡಿಸದೆ, ಕಿಲೋಮೀಟರ್ ಲೆಕ್ಕದಲ್ಲಿ ಮುಂಚಿತವಾಗಿಯೇ ಇಂಧನ ಹಾಕಿಸಬೇಕು. ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇರುವ ವಾಹನಗಳಲ್ಲಿ ಇಂಧನವೇ ಪಂಪನ್ನು ತಂಪಾಗಿರಿಸುವುದರಿಂದ, ಪದೇ ಪದೇ ಖಾಲಿಯಾಗುವವರೆಗೆ ಓಡಿಸಿದರೆ ಪಂಪ್ ಕೂಡ ಕೆಡಬಹುದು.

6. ಗ್ಯಾರೇಜಿನಲ್ಲಿ ನಡೆಯಬೇಕಾದ ಪರೀಕ್ಷೆ

ಮೇಲ್ಕಂಡ ಲೆಕ್ಕದಿಂದ ದೋಷವು ವಾಹನದಲ್ಲಿದೆ ಎಂದು ಕಂಡುಬಂದಲ್ಲಿ, ಅನುಭವಿ ಆಟೋ ಎಲೆಕ್ಟ್ರಿಷಿಯನ್ ಮೂಲಕ ಸುಲಭವಾದುದರಿಂದ ಕಷ್ಟದ ಕಡೆಗೆ ಈ ಕ್ರಮದಲ್ಲಿ ಪರೀಕ್ಷೆ ಮಾಡಿಸುವುದು ಸೂಕ್ತ.

ಮೊದಲನೆಯದಾಗಿ, ಫ್ಯೂಸ್, ಕನೆಕ್ಟರ್ ಮತ್ತು ಅರ್ಥ್ ವೈರನ್ನು ಪರಿಶೀಲಿಸುವುದು. ಅರ್ಥ್ ವೈರ್ ಮತ್ತು ವಾಹನದ ಬಾಡಿಯ ನಡುವಿನ ರೋಧವು ಶೂನ್ಯಕ್ಕೆ ಹತ್ತಿರವಿರಬೇಕು. ಹಲವು ಸಂದರ್ಭಗಳಲ್ಲಿ ಕನೆಕ್ಟರ್ ಸ್ವಚ್ಛಗೊಳಿಸುವುದರಿಂದಲೇ ದೋಷ ನಿವಾರಣೆಯಾಗುತ್ತದೆ.

ಎರಡನೆಯದಾಗಿ, ಸ್ಕ್ಯಾನರ್ ಜೋಡಿಸಬಹುದಾದ ಕಾರುಗಳಲ್ಲಿ ದೋಷ ಸಂಕೇತಗಳನ್ನು ಓದುವುದು. ಪಿ 0460 ಎಂಬುದು ಇಂಧನ ಮಟ್ಟದ ಸೆನ್ಸರ್ ಸರ್ಕ್ಯೂಟಿನ ದೋಷವನ್ನು, ಪಿ 0461 ನಿರೀಕ್ಷಿತ ವ್ಯಾಪ್ತಿಯಲ್ಲಿ ಇಲ್ಲದ ಸಂಕೇತವನ್ನು, ಪಿ 0462 ಮತ್ತು ಪಿ 0463 ಕ್ರಮವಾಗಿ ತೀರಾ ಕಡಿಮೆ ಮತ್ತು ತೀರಾ ಹೆಚ್ಚಿನ ಸಂಕೇತವನ್ನು, ಪಿ 0464 ಆಗಾಗ್ಗೆ ಬಂದು ಹೋಗುವ ದೋಷವನ್ನು ಸೂಚಿಸುತ್ತವೆ. ಈ ಸಂಕೇತಗಳು ದೋಷವಿರುವ ಸರ್ಕ್ಯೂಟನ್ನು ತಿಳಿಸುತ್ತವೆಯೇ ಹೊರತು, ಸೆನ್ಸರನ್ನೇ ಬದಲಿಸಬೇಕೆಂದು ಹೇಳುವುದಿಲ್ಲ. ವೈರ್ ತುಂಡಾದಾಗಲೂ ಇದೇ ಸಂಕೇತಗಳು ಬರುತ್ತವೆ.

ಮೂರನೆಯದಾಗಿ, ಸೆನ್ಸರಿನ ಕನೆಕ್ಟರನ್ನು ಕಳಚಿ, ಕೈಪಿಡಿಯಲ್ಲಿ ಸೂಚಿಸಿದ ಬೆಲೆಯ ರೋಧಕವನ್ನು ವೈರಿಂಗ್ ಕಡೆಗೆ ಜೋಡಿಸಿ ಮುಳ್ಳನ್ನು ಗಮನಿಸುವುದು. ಖಾಲಿಯ ರೋಧಕ್ಕೆ ಖಾಲಿಯನ್ನೂ ಭರ್ತಿಯ ರೋಧಕ್ಕೆ ಭರ್ತಿಯನ್ನೂ ತೋರಿಸಿದಲ್ಲಿ ಮೀಟರ್ ಮತ್ತು ವೈರಿಂಗ್ ಸುಸ್ಥಿತಿಯಲ್ಲಿದ್ದು, ದೋಷವು ಟ್ಯಾಂಕಿನೊಳಗಿದೆ ಎಂದು ತೀರ್ಮಾನಿಸಬಹುದು. ಮುಳ್ಳು ಅಲುಗದಿದ್ದಲ್ಲಿ ದೋಷವು ವೈರಿಂಗ್ ಅಥವಾ ಮೀಟರ್ ಬೋರ್ಡಿನಲ್ಲಿದ್ದು, ಟ್ಯಾಂಕ್ ಬಿಚ್ಚುವ ಅಗತ್ಯವಿರುವುದಿಲ್ಲ. ಹಳೆಯ ವಾಹನಗಳಲ್ಲಿ ಎರಡು ವೈರ್‌ಗಳನ್ನು ನೇರವಾಗಿ ತಾಗಿಸಿ ನೋಡುವ ರೂಢಿಯಿದೆ; ಎಲೆಕ್ಟ್ರಾನಿಕ್ ಮೀಟರ್ ಇರುವ ವಾಹನಗಳಿಗೆ ಇದರಿಂದ ಹಾನಿಯಾಗಬಹುದಾದ್ದರಿಂದ ಹಾಗೆ ಮಾಡಬಾರದು.

ನಾಲ್ಕನೆಯದಾಗಿ, ಸೆನ್ಸರನ್ನು ಹೊರತೆಗೆದು ಮಲ್ಟಿಮೀಟರ್ ಜೋಡಿಸಿ, ಫ್ಲೋಟನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತುವುದು. ರೋಧವು ಎಲ್ಲಿಯೂ ತಡೆಯಿಲ್ಲದೆ ಒಂದೇ ದಿಕ್ಕಿನಲ್ಲಿ ಬದಲಾಗುತ್ತಾ ಹೋಗಬೇಕು. ನಡುವೆ ಸಂಪರ್ಕ ತಪ್ಪಿದರೆ ಪಟ್ಟಿ ಸವೆದಿದೆ ಎಂದರ್ಥ.

7. ಸುರಕ್ಷತೆ

ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾಗಿದ್ದು ನೆಲಮಟ್ಟದಲ್ಲಿ ಹರಡಿ, ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಆದುದರಿಂದ ಟ್ಯಾಂಕಿನ ಸೆನ್ಸರನ್ನು ಮನೆಯಲ್ಲಿ ಬಿಚ್ಚುವ ಪ್ರಯತ್ನ ಮಾಡಬಾರದು. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಗಾಳಿಯಾಡುವ ಜಾಗದಲ್ಲಿ, ಬೆಂಕಿ ನಂದಿಸುವ ಸಾಧನವನ್ನು ಹತ್ತಿರವಿಟ್ಟುಕೊಂಡು ತರಬೇತಿ ಪಡೆದವರೇ ಈ ಕೆಲಸವನ್ನು ನಿರ್ವಹಿಸಬೇಕು. ಟ್ಯಾಂಕಿನೊಳಗೆ ನೋಡಲು ಬೆಂಕಿಕಡ್ಡಿ ಅಥವಾ ಲೈಟರ್ ಹಚ್ಚುವುದು ಪ್ರಾಣಾಪಾಯಕಾರಿ.

8. ಬಿಡಿಭಾಗ ಬದಲಾಯಿಸುವ ಮುನ್ನ

ಅನೇಕ ಕಾರುಗಳಲ್ಲಿ ಸೆನ್ಸರ್ ಮತ್ತು ಇಂಧನ ಪಂಪ್ ಒಂದೇ ಜೋಡಣೆಯಲ್ಲಿರುತ್ತವೆ. ಇಡೀ ಜೋಡಣೆಯನ್ನು ಬದಲಿಸುವ ವೆಚ್ಚವು ಸೆನ್ಸರ್ ಮಾತ್ರದ ವೆಚ್ಚಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಸೆನ್ಸರ್ ಪ್ರತ್ಯೇಕವಾಗಿ ದೊರೆಯುತ್ತದೆಯೇ ಎಂದು ವಿಚಾರಿಸುವುದು, ನಡೆಸಿದ ಪರೀಕ್ಷೆಗಳ ವಿವರವನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳುವುದು, ಹಳೆಯ ಭಾಗವನ್ನು ವಾಪಸು ಪಡೆಯುವುದು ಮತ್ತು ವಾರಂಟಿ ಅವಧಿ ಮುಗಿದಿದೆಯೇ ಎಂದು ಪರಿಶೀಲಿಸುವುದು ಒಳ್ಳೆಯದು. ಸೇವಾ ನ್ಯೂನತೆ ಕಂಡುಬಂದಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಮೇರೆಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿಗಳವರೆಗೆ ಇರುವ ಪ್ರಕರಣಗಳಲ್ಲಿ ದೂರಿಗೆ ಶುಲ್ಕವಿರುವುದಿಲ್ಲ.

9. ಚಾಲಕರ ಮೇಲೆ ಹೊಣೆ ಹೊರಿಸುವ ಮುನ್ನ

ಲಾರಿ, ಟೆಂಪೋ ಮತ್ತು ಟ್ಯಾಕ್ಸಿಗಳ ಮಾಲೀಕರು ಮುಳ್ಳು ಅಥವಾ ಮೊಬೈಲಿಗೆ ಬರುವ ಇಂಧನ ವರದಿಯನ್ನು ನೋಡಿ, ಡೀಸೆಲ್ ಕಳವಾಗಿದೆ ಎಂದು ಚಾಲಕರ ವೇತನದಲ್ಲಿ ಕಡಿತ ಮಾಡುವುದುಂಟು. ಸವೆದ ಸೆನ್ಸರಿನಲ್ಲಿ ಕಾಣುವ ಹಠಾತ್ ಕುಸಿತವು ಕಳವಿನಂತೆಯೇ ತೋರುತ್ತದೆ. ಕುಸಿದ ಮಟ್ಟವು ಇಂಧನ ಹಾಕಿಸದೆಯೇ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಏರಿದ್ದರೆ ಅದು ಕಳವಾಗಿರಲು ಸಾಧ್ಯವಿಲ್ಲ. ಭರ್ತಿಯಿಂದ ಭರ್ತಿಗೆ ಲೆಕ್ಕ ಹಾಕದೆ ಮುಳ್ಳೊಂದನ್ನೇ ನಂಬಿ ದುಡಿಯುವವರ ಸಂಬಳಕ್ಕೆ ಕತ್ತರಿ ಹಾಕುವುದು ನ್ಯಾಯಸಮ್ಮತವಲ್ಲ.

10. ಬಂಕಿನಲ್ಲಿ ಅಳತೆ ಪರೀಕ್ಷೆ ಮತ್ತು ದೂರು

ಬಂಕಿನ ಅಳತೆಯನ್ನು ತೀರ್ಮಾನಿಸುವ ಸಾಧನ 5 ಲೀಟರ್‌ನ ಮುದ್ರಿತ ಅಳತೆ ಪಾತ್ರೆ. ಇದು ಪ್ರತಿ ಬಂಕಿನಲ್ಲಿಯೂ ಇರತಕ್ಕದ್ದು ಮತ್ತು ಗ್ರಾಹಕರು ಕೇಳಿದಾಗ ಅವರ ಎದುರಿನಲ್ಲಿಯೇ ಪರೀಕ್ಷೆ ಮಾಡಿ ತೋರಿಸತಕ್ಕದ್ದು. ಪಾತ್ರೆಯ ಒಳಮೈ ಒಮ್ಮೆ ಇಂಧನದಿಂದ ಒದ್ದೆಯಾಗಿರಬೇಕು. ಪಾತ್ರೆಯನ್ನು ಸಮತಟ್ಟಾದ ಜಾಗದಲ್ಲಿರಿಸಿ, ಯಂತ್ರವು ಶೂನ್ಯ ತೋರಿಸುತ್ತಿರುವುದನ್ನು ಖಚಿತಪಡಿಸಿಕೊಂಡು 5 ಲೀಟರ್ ತುಂಬಿಸಬೇಕು. ವ್ಯತ್ಯಾಸವು 25 ಮಿಲಿಲೀಟರ್ ಮಿತಿಯೊಳಗೆ ಇರಬೇಕು. ನೀರಿನ ಬಾಟಲಿಯಿಂದ ಅಳೆದು ನೋಡುವುದು ಸರಿಯಲ್ಲ. 1 ಲೀಟರ್ ಬಾಟಲಿಗೆ ಕಂಠದವರೆಗೆ ತುಂಬಿದರೆ 1 ಲೀಟರಿಗಿಂತ ಹೆಚ್ಚು ಹಿಡಿಯುತ್ತದೆ.

ಪರೀಕ್ಷೆಗೆ ನಿರಾಕರಿಸಿದಲ್ಲಿ ಅಥವಾ ಕೊರತೆ ಕಂಡುಬಂದಲ್ಲಿ, ಸಂಬಂಧಪಟ್ಟ ಕಾನೂನು ಮಾಪನಶಾಸ್ತ್ರ ನಿರೀಕ್ಷಕರಿಗೆ ಲಿಖಿತ ದೂರು ಸಲ್ಲಿಸಬಹುದು ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರಿನಲ್ಲಿ ಈ ಕೆಳಕಂಡ ವಿವರಗಳಿದ್ದಲ್ಲಿ ತನಿಖೆಗೆ ಅನುಕೂಲವಾಗುತ್ತದೆ.

(ಅ) ಬಂಕಿನ ಹೆಸರು, ಸ್ಥಳ, ದಿನಾಂಕ ಮತ್ತು ಸಮಯ
(ಆ) ಇಂಧನ ಪಡೆದ ಯಂತ್ರ ಮತ್ತು ನಳಿಕೆಯ ಸಂಖ್ಯೆ
(ಇ) ಬಿಲ್‌ನ ಪ್ರತಿ
(ಈ) 5 ಲೀಟರ್ ಪರೀಕ್ಷೆ ಕೋರಲಾಗಿತ್ತೇ, ಫಲಿತಾಂಶವೇನು ಎಂಬ ವಿವರ
(ಉ) ಭರ್ತಿಯಿಂದ ಭರ್ತಿಗೆ ಹಾಕಿದ ಲೆಕ್ಕ, ಲಭ್ಯವಿದ್ದಲ್ಲಿ

ಬಂಕಿನಲ್ಲಿ ಕೊರತೆ ಕಣ್ಣಾರೆ ಕಂಡವರು ವಾಹನದ ಸೆನ್ಸರ್ ಪರೀಕ್ಷೆ ಮುಗಿಯುವವರೆಗೆ ಕಾಯಬೇಕಾಗಿಲ್ಲ; ಕೂಡಲೇ ದೂರು ನೀಡಬಹುದು. ಮುಳ್ಳಿನ ಮೇಲೆ ಮಾತ್ರ ಸಂಶಯ ಆಧರಿಸಿದವರು ಮೊದಲು ಲೆಕ್ಕ ಹಾಕಿ ನೋಡಿ, ನಂತರ ದೂರು ನೀಡುವುದೇ ಅಥವಾ ಗ್ಯಾರೇಜಿಗೆ ಹೋಗುವುದೇ ಎಂಬುದನ್ನು ನಿರ್ಧರಿಸಬೇಕೆಂದು ಕೋರಲಾಗಿದೆ.